ಸ್ವರ್ಣಲತಾ ಹಾಕಿದ ಹನ್ನೊಂದು ಇಂಟು

ಕೊಲ್ಲಿ ನಾಡಿನ ಅಲ್ ಖೋಬರಿನ ಕಡಲದಂಡೆಯಿಂದ ಎರಡು ಬೀದಿ ಹಿಂದಿರುವ ಕ್ಲಿನಿಕ್ಕೊಂದರ ಮೂರನೇ ಮಹಡಿಯಲ್ಲಿ, ಗೋಡೆಗೂ ಬಾಗಿಲಿಗೂ ದಪ್ಪ ಸ್ಪಂಜು ಹೊದೆಸಿದ ಪುಟ್ಟ ಕೋಣೆಯಿದೆ. ಬಾಗಿಲು ಹಾಕಿಕೊಂಡರೆ ಒಳಗಿದ್ದವರಿಗೆ ತಮ್ಮ ಉಸಿರು ತಮಗೇ ಕೇಳಿಸುತ್ತದೆ. ಅದರ ಗಾಜಿನ ಈಚೆ, ಯಂತ್ರದ ಮುಂದೆ, ಹನ್ನೊಂದು ವರ್ಷದಿಂದ ಕೂತು ಜನರ ಕಿವಿ ಪರೀಕ್ಷಿಸುತ್ತಿರುವವಳು ಸ್ವರ್ಣಲತಾ. ಹುಟ್ಟೂರು ಕುಂದಾಪುರದ ಬಳಿಯ ಹೆಮ್ಮಾಡಿ, ಓದಿದ್ದು ಮೈಸೂರಿನಲ್ಲಿ.

ಕ್ಲಿನಿಕ್ಕಿನಲ್ಲಿ ಕನ್ನಡದ ಪರೀಕ್ಷೆ ಇರುವುದಕ್ಕೆ ಅವಳೇ ಕಾರಣ. ಬರೀ ಪೀಂ ಪೀಂ ಸದ್ದು ಕೇಳಿಸಿದರೆ ಸಾಲದು, ಮಾತು ತಿಳಿಯುತ್ತದೋ ಇಲ್ಲವೋ ಎಂಬುದನ್ನೂ ಅಳೆಯಬೇಕು. ಅದಕ್ಕೆ ಇಪ್ಪತ್ತೈದು ಸಣ್ಣ ಪದಗಳ ಪಟ್ಟಿ ಬೇಕು. ಕೇಳಿದ ಪದವನ್ನು ರೋಗಿ ತಿರುಗಿ ಹೇಳಬೇಕು, ಒಂದೊಂದಕ್ಕೆ ನಾಲ್ಕು ಅಂಕ. ಆರು ವರ್ಷದ ಹಿಂದೆ ಅಂಥ ಎರಡು ಪಟ್ಟಿಗಳನ್ನು ಅವಳು ಸಿದ್ಧಪಡಿಸಿ ತನ್ನ ದನಿಯಲ್ಲೇ ಮುದ್ರಿಸಿದ್ದಳು. ಕನ್ನಡ ಬಾರದ ಸಹೋದ್ಯೋಗಿಗಳೂ ಅಂಕ ಹಾಕಲು ಸಾಧ್ಯವಾಗಲಿ ಎಂದು ಕೆಳಗೆ ಒಂದು ನಿಯಮವನ್ನೂ ಬರೆದಿದ್ದಳು: ‘ಪಟ್ಟಿಯಲ್ಲಿರುವಂತೆಯೇ ಉಚ್ಚರಿಸಿದರೆ ಮಾತ್ರ ಸರಿ.’

ಆ ದನಿ ಅವಳ ಹೆಮ್ಮೆ. ಮೈಸೂರಿನ ಮೊದಲ ವರ್ಷ ತರಗತಿಯಲ್ಲಿ ಎದ್ದು ನಿಂತು ಮಾತಾಡಿದಾಗ ಹಿಂದಿನ ಬೆಂಚಿನವರು ನಕ್ಕಿದ್ದರು. ಅಂದು ಸಂಜೆಯೇ ಅವಳು ಒಂದು ಟೇಪ್ ರೆಕಾರ್ಡರ್ ಎರವಲು ತಂದಳು. ತನ್ನ ಮಾತನ್ನು ತಾನೇ ಕೇಳುತ್ತ, ಊರಿನ ಎಳೆ ಎಲ್ಲೆಲ್ಲಿ ಇಣುಕುತ್ತದೆಂದು ಗುರುತು ಹಾಕುತ್ತ, ಒಂದೊಂದಾಗಿ ಕಿತ್ತುಹಾಕಿದಳು. ಹನ್ನೊಂದು ತಿಂಗಳು ಹಿಡಿಯಿತು. ಆಮೇಲೆ ಯಾರೂ ನಗಲಿಲ್ಲ. ಗಂಡ ಹಿತೇಶ್ ಮಂಗಳೂರಿನ ತುಳುವ, ಮನೆಯಲ್ಲಿ ಇಬ್ಬರದೂ ಪುಸ್ತಕದ ಕನ್ನಡ. ಮಗಳು ಅನಿಷಾಳದು ಇಂಗ್ಲಿಷ್. ಊರಿನ ಮಾತಿಗೆ ದಿನದಲ್ಲಿ ಒಂದು ಗಳಿಗೆಯೂ ಜಾಗ ಉಳಿದಿರಲಿಲ್ಲ.

ಕಳೆದ ಚಳಿಗಾಲದ ಒಂದು ಮಂಗಳವಾರ ಬಾಡ ಮೊಗವೀರ ಎಂಬವರು ಪರೀಕ್ಷೆಗೆ ಬಂದರು. ವಯಸ್ಸು ಐವತ್ತನಾಲ್ಕು, ಊರು ಮರವಂತೆ. ದಮಾಮಿನ ಯಾರ್ಡೊಂದರಲ್ಲಿ ಇಪ್ಪತ್ತು ವರ್ಷದಿಂದ ಕ್ರೇನ್ ನಡೆಸುವವರು. ಕ್ರೇನಿನ ಮೇಲಿದ್ದವನಿಗೆ ಕೆಳಗಿನವರ ಮಾತು ವೈರ್‌ಲೆಸ್ಸಿನಲ್ಲಿ ಸರಿಯಾಗಿ ಕೇಳಿಸಬೇಕು. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಕಿವಿಯ ಪರೀಕ್ಷೆ ಕಡ್ಡಾಯ. ಆ ವರ್ಷದಿಂದ ಮಾತಿನ ಅಂಕವನ್ನೂ ಕೇಳತೊಡಗಿದ್ದರು; ಅದು ಎಂಬತ್ತಕ್ಕಿಂತ ಕೆಳಗಿದ್ದರೆ ಕಂಪನಿ ಅವರನ್ನು ಕ್ರೇನಿನಿಂದ ಇಳಿಸುತ್ತದೆ. ವಾಸದ ಪರವಾನಗಿಯಾದ ಇಕಾಮಾದಲ್ಲಿ ಅವರ ಕೆಲಸ ಕ್ರೇನ್ ಆಪರೇಟರ್ ಎಂದೇ ಇದೆ. ಇಳಿಸುವುದೆಂದರೆ ಊರಿಗೆ ಕಳಿಸುವುದೆಂದೇ ಅರ್ಥ.

ಸದ್ದಿನ ಪರೀಕ್ಷೆ ಚೆನ್ನಾಗಿಯೇ ಬಂತು. ಯಾರ್ಡಿನ ಗದ್ದಲದಲ್ಲಿ ದುಡಿದವರಿಗೆಲ್ಲ ಆಗುವಂತೆ ತೀರಾ ಸಣ್ಣ ದನಿಗಳಲ್ಲಿ ತುಸು ಕೊರತೆ, ಅಷ್ಟೆ. ಆದರೆ ಮಾತಿನ ಪರೀಕ್ಷೆಯಲ್ಲಿ ಹದಿನಾಲ್ಕು ಸರಿ, ಹನ್ನೊಂದು ಇಂಟು. ಐವತ್ತಾರು ಅಂಕ.

ಸ್ವರ್ಣಲತಾ ಅದನ್ನು ಆದಷ್ಟು ಮೃದುವಾಗಿ ಹೇಳಿದಳು. ಬಾಡ ಕೈಯಲ್ಲಿದ್ದ ಟೊಪ್ಪಿಯನ್ನು ಎರಡು ಸುತ್ತು ತಿರುಗಿಸಿದರು.

“ನೀವ್ ಹೇಳಿದ್ದೆಲ್ಲ ಕೇಂತಿತ್ತ್ ಅಮ್ಮ. ನಾನೂ ಹೇಳ್ದೆ ಅಲ್ದಾ?”

“ಎಲ್ಲ ಸರಿಯಾಗಿರಲಿಲ್ಲ, ನೋಡಿ.”

“ಹಂಗಾರೆ ಆಯ್ತ್ ಬಿಡಿ,” ಎಂದು ಅವರು ನಗಲು ನೋಡಿದರು. “ಕೆಳಗ್ ಇಳ್ಸಿರೆ ನಾ ಎಂತ ಮಾಡುದ್? ಮೊಗವೀರ ಆಯಿ ಹುಟ್ಟಿಯೂ ನಂಗ್ ಮೀನ್ ಬಲಿ ಬೀಸುಕ್ ಬತ್ತಿಲ್ಲೆ. ಊರಂಗ್ ಮಕ್ಕಳ್ ಸೈತ ನೆಗಾಡ್ತೊ.”

ವರದಿ ಗುರುವಾರ ಮಧ್ಯಾಹ್ನದೊಳಗೆ ಹೋಗಬೇಕಿತ್ತು. ಸಹಿ ಹಾಕಲು ಪೆನ್ನು ತೆಗೆದವಳು ನಿಂತಳು. ಸದ್ದು ಇಷ್ಟು ಚೆನ್ನಾಗಿ ಕೇಳುವ ಕಿವಿಗೆ ಮಾತು ಇಷ್ಟು ಕಡಿಮೆ ತಿಳಿಯುವುದು ಅಪರೂಪ. ಎರಡು ಅಳತೆ ಒಂದಕ್ಕೊಂದು ಹೊಂದದಿದ್ದರೆ ಮೊದಲು ಅಳೆದವರನ್ನು ಅನುಮಾನಿಸಬೇಕು ಎಂಬುದು ಅವಳು ಕಲಿತ ಪಾಠ. ಊಟದ ಬಿಡುವಿನಲ್ಲಿ ಪರೀಕ್ಷೆಯ ಧ್ವನಿಮುದ್ರಣವನ್ನು ಮತ್ತೆ ಹಾಕಿ ಕೇಳಿದಳು.

‘ಮನೆ’ ಎಂದಿತ್ತು ಅವಳ ದನಿ. ‘ಮನಿ’ ಎಂದಿದ್ದರು ಬಾಡ. ‘ಮಳೆ’, ‘ಮಳಿ’. ‘ತಲೆ’, ‘ತಲಿ’. ‘ಕಿವಿ’ ಎಂದದ್ದಕ್ಕೆ ಒಂದಿಷ್ಟೂ ತಡವರಿಸದೆ ‘ಕೆಮಿ’.

ಅವಳು ಹೆಡ್‌ಫೋನ್ ತೆಗೆದಿಟ್ಟಳು. ಚಿಕ್ಕವಳಿದ್ದಾಗ ಎಣ್ಣೆ ಹಚ್ಚುತ್ತ ಅಬ್ಬಿ, ಅವಳಮ್ಮ, ‘ಕೆಮಿ ತೋರ್ಸ್ ಕಾಂಬ’ ಎನ್ನುತ್ತಿದ್ದುದು ನೆನಪಾಯಿತು. ಅದೇ ಪದಕ್ಕೆ ತಾನೇ ಇಂಟು ಹಾಕಿದ್ದಳು. ಬೇರೆ ಯಾರಾದರೂ ಹಾಕಿದ್ದರೆ ಕನ್ನಡ ತಿಳಿಯದವರು ಎನ್ನಬಹುದಿತ್ತು.

ಕಾಗದ ತೆಗೆದು ಹನ್ನೊಂದು ಇಂಟುಗಳನ್ನು ವಿಂಗಡಿಸಿದಳು. ಉತ್ತರವೇ ಬಾರದ್ದು ಒಂದು. ಬೇರೆ ಪದ ಹೇಳಿದ್ದು ಒಂದು. ಉಳಿದ ಒಂಬತ್ತೂ ಊರಿನ ಉಚ್ಚಾರ. ಹದಿನಾಲ್ಕಕ್ಕೆ ಒಂಬತ್ತು ಸೇರಿಸಿದರೆ ತೊಂಬತ್ತೆರಡು ಅಂಕ.

ಅಂಕ ತಿದ್ದಿ ಕಳಿಸಿಬಿಟ್ಟರೆ ಬಾಡರ ಕೆಲಸ ಉಳಿಯುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಉತ್ತರ ನೋಡಿದ ಮೇಲೆ ನಿಯಮ ಬದಲಿಸುವುದು ಪರೀಕ್ಷೆಯಲ್ಲ. ತಪ್ಪನ್ನು ಮೇಲಿನವರಿಗೆ ಹೇಳಿಬಿಟ್ಟರೆ, ಆರು ವರ್ಷದಲ್ಲಿ ಇದೇ ಪಟ್ಟಿಯಿಂದ ಕೊಟ್ಟ ನಲವತ್ತೊಂದು ವರದಿಗಳ ಮೇಲೂ ಪ್ರಶ್ನೆ ಏಳುತ್ತದೆ. ಅರ್ಧ ಗಂಟೆ ಕೂತು ಯೋಚಿಸಿದಳು. ಕೊನೆಗೆ ಕಾಗದ ಹಿಡಿದು ವಿಭಾಗದ ಮುಖ್ಯಸ್ಥ ರಾಬ್ ಅವರ ಕೋಣೆಯ ಬಾಗಿಲು ತಟ್ಟಿದಳು.

ರಾಬ್ ಇಂಗ್ಲೆಂಡಿನ ಉತ್ತರದವರು, ನಿವೃತ್ತಿಗೆ ಎರಡೇ ವರ್ಷ ಬಾಕಿ. ಬೈಗುಳಕ್ಕೆ ಸಿದ್ಧಳಾಗಿ ಅವಳು ಎಲ್ಲವನ್ನೂ ಹೇಳಿ ಮುಗಿಸಿದಳು. ಅವರು ಕಾಗದದ ಮೇಲಿನ ಇಂಟುಗಳನ್ನು ಬೆರಳಿಟ್ಟು ಎಣಿಸಿದರು.

“ನನ್ನ ಅಜ್ಜ ಗಣಿಯಲ್ಲಿದ್ದವನು,” ಎಂದರು ಇಂಗ್ಲಿಷಿನಲ್ಲಿ. “ಅವನ ಮಾತು ಪಕ್ಕದ ಕಣಿವೆಯವರಿಗೇ ಅರ್ಧ ಅರ್ಥವಾಗುತ್ತಿರಲಿಲ್ಲ. ಈಗ ನಮ್ಮ ಬೀದಿಯಲ್ಲಿ ಹಾಗೆ ಮಾತಾಡುವವರು ಯಾರೂ ಇಲ್ಲ. ಹುಡುಗರದೆಲ್ಲ ಟಿವಿಯ ಮಾತು. ನಾನೂ ಕೆಲಸಕ್ಕೆ ಸೇರುವಾಗ ಆ ಮಾತನ್ನು ತೊಳೆದುಕೊಂಡವನೇ. ಅಜ್ಜನನ್ನು ನಿನ್ನ ನಿಯಮದಲ್ಲಿ ಕೂರಿಸಿದ್ದರೆ ಪೂರಾ ಕಿವುಡ ಎಂದು ಬರುತ್ತಿತ್ತು.”

“ನನ್ನದೇ ತಪ್ಪು ಸರ್.”

“ತಪ್ಪೇ. ಸರಿಪಡಿಸು. ನಾಳೆಯೇ ಎರಡನೇ ಪಟ್ಟಿಯಲ್ಲಿ ಪರೀಕ್ಷೆ. ಊರಿನ ಉಚ್ಚಾರವೂ ಸರಿ ಎಂಬ ಹೊಸ ನಿಯಮವನ್ನು ಮೊದಲೇ ಬರೆದು ನನಗೆ ಕೊಡು. ಆದರೆ ಅಂಕ ನೀನು ಹಾಕಬಾರದು. ಏನು ಕೇಳಿಸಬೇಕೆಂದು ನಿನಗೆ ಈಗ ಆಸೆಯಿದೆ. ಆ ಮಾತು ಬಲ್ಲ ಬೇರೆ ಯಾರಾದರೂ ಇದ್ದಾರೆಯೇ?”

ಕೆಳಗಿನ ದಂತ ವಿಭಾಗದಲ್ಲಿ ನರ್ಸ್ ಸಲೀಮಾ ಇದ್ದಳು. ಶಿರೂರಿನವಳು, ಮನೆಮಾತು ನವಾಯತಿ. ಬೈಂದೂರಿನಲ್ಲಿ ಶಾಲೆ ಕಲಿತವಳಾದ್ದರಿಂದ ಅವಳ ಕನ್ನಡ ಅಪ್ಪಟ ಆ ಕಡೆಯದು. ವಿಷಯ ಕೇಳಿ ಅವಳು ಬಾಯಿಗೆ ಕೈಯಿಟ್ಟಳು.

“ಯಬಾ! ಸ್ವರ್ಣಕ್ಕ, ನೀವ್ ನಮ್ ಬದಿಯವ್ರಾ? ನಾ ಇಷ್ಟ್ ವರ್ಷ ಮೈಸೂರಿನವ್ರ್ ಅಂದೇಳಿ ಮಾಡ್ಕಂಡಿದ್ದೆ!”

“ಹೆಮ್ಮಾಡಿ.”

“ಹೆಮ್ಮಾಡಿಯ? ಮತ್ತೆಂತಕ್ ನನ್ ಹತ್ರ ರೇಡಿಯೋ ವಾರ್ತಿ ಓದ್ದಾಂಗ್ ಮಾತಾಡುದ್ ಮಾರಾಯ್ತಿ?”

ಬುಧವಾರ ಬಾಡ ಮತ್ತೆ ಬಂದರು, ಶಿಕ್ಷೆಗೆ ಬಂದವರಂತೆ. ಸಲೀಮಾ ಬಾಡರಿಗೆ ಕಾಣದ ಹಾಗೆ ಪರದೆಯ ಹಿಂದೆ ಹೆಡ್‌ಫೋನ್ ಹಾಕಿ ಕೂತಳು. ಹಿಂದಿನ ಅಂಕ ಎಷ್ಟೆಂದು ಅವಳಿಗೆ ಹೇಳಿರಲಿಲ್ಲ. ಬಾಡರಿಗೆ ಸೂಚನೆ ಕೊಡುವುದಷ್ಟೇ ಸ್ವರ್ಣಲತಾಳ ಪಾಲಿಗೆ ಉಳಿದದ್ದು. ಪುಸ್ತಕದ ಕನ್ನಡದಲ್ಲಿ ಹೇಳಿದರೆ ಅವರು ಮತ್ತೆ ಮೇಷ್ಟರ ಮುಂದೆ ಕೂತವರಂತೆ ಬಿಗಿಯುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಬಾಯಿ ತೆರೆದಳು. ನಾಲಿಗೆ ಸಹಕರಿಸಲಿಲ್ಲ. ಊರಿನ ಮಾತಾಡಿ ಇಪ್ಪತ್ತೆರಡು ವರ್ಷ ಆಗಿತ್ತು.

“ಬಾಡಣ್ಣ... ನೀವ್ ಹೆದ್ರುದ್ ಬೇಡ. ಮನಿಯಂಗ್ ಹ್ಯಾಂಗ್ ಹೇಳ್ತ್ರಿಯೋ, ಹಂಗೇ ಹೇಳಿ. ಗೊತ್ತಾಯ್ದಿದ್ರೆ ಗೊತ್ತಾಯ್ಲಿಲ್ಲೆ ಅಂದೇಳಿ ಹೇಳಿ, ಸಾಕ್.”

ಬಾಡ ತಲೆಯೆತ್ತಿ ನೋಡಿದರು. “ನೀವ್ ಎಲ್ಲಿನವ್ರ್ ಅಮ್ಮ?”

“ಹೆಮ್ಮಾಡಿ.”

“ಅಯ್ಯೋ ದೇವ್ರೆ! ಮತ್ ನಿನ್ನಿ ಎಂತಕ್ ಸಾಲಿ ಮಾಷ್ಟ್ರಾಂಗ್ ಮಾತಾಡಿದ್ರಿ? ನಾ ಹೆದ್ರಿ ಸಾಯುಕ್ ಆಯ್ತ್!” ಪರದೆಯ ಹಿಂದೆ ಸಲೀಮಾ ಕಿಸಕ್ಕೆಂದಳು. ಸ್ವರ್ಣಲತಾಳಿಗೂ ನಗು ತಡೆಯಲಾಗಲಿಲ್ಲ. ನಗು ನಿಂತ ಮೇಲೆಯೇ ಬಾಗಿಲು ಹಾಕಿ ಯಂತ್ರ ಚಾಲೂ ಮಾಡಿದಳು.

ಇಪ್ಪತ್ತೈದು ಪದ, ನಾಲ್ಕು ನಿಮಿಷ. ಅವಳು ಬೇಕೆಂದೇ ಗಡಿಯಾರ ನೋಡುತ್ತ ಕೂತಳು. ಸಲೀಮಾ ಹೊರಬಂದು ಕಾಗದ ಕೊಟ್ಟಾಗ ಸ್ವರ್ಣಲತಾ ಎರಡು ಸಲ ಎಣಿಸಿದಳು. ಇಪ್ಪತ್ತೆರಡು ಸರಿ. ಎಂಬತ್ತೆಂಟು.

ತಾನು ನಿರೀಕ್ಷಿಸಿದ್ದಕ್ಕಿಂತ ಒಂದು ಪದ ಕಡಿಮೆ. ಅದರಿಂದಲೇ ಅವಳಿಗೆ ಆ ಅಂಕದ ಮೇಲೆ ಹೆಚ್ಚು ನಂಬಿಕೆ ಬಂತು. ರಾಬ್ ಎರಡೂ ಪರೀಕ್ಷೆಗಳನ್ನು, ಬದಲಾದ ನಿಯಮವನ್ನು, ಕಾರಣವನ್ನು ವರದಿಯಲ್ಲಿ ಬರೆಸಿ ಸಹಿ ಮಾಡಿದರು. ಬಾಡ ವರದಿಯನ್ನು ಓದಲಿಲ್ಲ. ಮಡಚಿ ಅಂಗಿಯ ಜೇಬಿಗಿಟ್ಟು, ಮೇಲಿನಿಂದ ಗುಂಡಿ ಹಾಕಿಕೊಂಡರು.

“ಬಪ್ಪ ಶನಿವಾರ ದೊಡ್ಡ ಲಿಫ್ಟ್ ಇತ್ತ್, ತಂಗಿ. ನಲವತ್ ಟನ್. ನಾನೇ ಎತ್ತುದ್,” ಎಂದು ಹೊರಟುಹೋದರು.

ಉಳಿದದ್ದು ಹಳೆಯ ವರದಿಗಳು. ನಲವತ್ತೊಂದರಲ್ಲಿ ಹೆಚ್ಚಿನವರು ಮಂಗಳೂರು ಕಡೆಯವರು. ಮನೆಯಲ್ಲಿ ತುಳುವೋ ಬ್ಯಾರಿಯೋ ಆಡಿ ಕನ್ನಡವನ್ನು ಶಾಲೆಯಲ್ಲಿ ಕಲಿತವರು, ಆದ್ದರಿಂದ ಪಟ್ಟಿಯಂತೆಯೇ ಹೇಳಿದ್ದರು. ಕುಂದಾಪುರ ಸೀಮೆಯವರು ಆರು ಮಂದಿ. ಗುರುವಾರ ಬೆಳಿಗ್ಗೆ ಅವಳು ಹೊಸ ನಮೂನೆಯನ್ನು ಮುದ್ರಿಸಿದಳು. ಅದರಲ್ಲಿ ಮೊದಲ ಪ್ರಶ್ನೆ: ‘ಮನೆಯಲ್ಲಿ ಹೇಗೆ ಮಾತಾಡುತ್ತೀರಿ?’

ಆರರಲ್ಲಿ ಮೊದಲ ಹೆಸರು ಈಗ ದೂರದ ತಬೂಕ್ ಊರಿನಲ್ಲಿದ್ದ ಒಬ್ಬ ಚಾಲಕರದು. ಹಿಂದೆ ಎಪ್ಪತ್ತೆರಡು ಅಂಕ ಬಂದಿತ್ತು, ಬಸ್ಸಿನ ಕೆಲಸ ಸಿಕ್ಕಿರಲಿಲ್ಲ. ಅವಳು ಫೋನ್ ಮಾಡಿದಳು. ಆಚೆ ಕಡೆಯವರು ಹಿಂದಿಯಲ್ಲಿ ‘ಕೌನ್’ ಎಂದರು.

“ನಾನ್ ಖೋಬರ್ ಕ್ಲಿನಿಕ್ಕಿಂದ ಸ್ವರ್ಣಲತಾ,” ಎಂದಳು ಅವಳು, ಈ ಸಲ ತಡವರಿಸದೆ. “ನಿಮ್ ಕೆಮಿ ಇನ್ನೊಂದ್ ಸಲ ಕಾಣ್ಕಿತ್ತ್. ತಪ್ಪಾದ್ದ್ ನಂದ್. ಯಾವಾಗ್ ಬತ್ರಿ?”