ಒಂದೇ ಡಿಸ್ಕಿನಲ್ಲಿ ಎರಡು ಸಂಸಾರ

ಕೋಲ್ಕತ್ತದ ಬಾಲಿಗಂಜ್ ಸ್ಟೇಷನ್ ಹಿಂದಿನ ಓಣಿ ಇನ್ನೂ ಪೂರ್ತಿ ಎದ್ದಿಲ್ಲ. ವಸಂತಾ ತಮ್ಮ ಪುಟ್ಟ ರಿಪೇರಿ ಅಂಗಡಿಯ ಷಟರ್ ಅರ್ಧ ಎತ್ತಿ, ಫ್ಯಾನಿನ ಪ್ಲಗ್ ಕಿತ್ತು, ಅಲ್ಲಿಗೆ ಒಂದು ಲ್ಯಾಪ್‌ಟಾಪಿನ ಚಾರ್ಜರ್ ಸಿಕ್ಕಿಸುತ್ತಾರೆ. ಹೊತ್ತೇರಿ ಓಣಿಯ ಎಸಿಗಳೆಲ್ಲ ಶುರುವಾದರೆ ಕರೆಂಟು ಕೈಕೊಡುತ್ತದೆ, ಈ ಲ್ಯಾಪ್‌ಟಾಪಿನ ಬ್ಯಾಟರಿಯೋ ಹಳೆಯದು. ಹಾಗಾಗಿ ಡಿಸ್ಕಿನ ಕೆಲಸ ಬೆಳಗಿನ ಜಾವಕ್ಕೇ.

ಲ್ಯಾಪ್‌ಟಾಪ್ ಇದೇ ಊರಿನ ಜೋಕಾದಲ್ಲಿ ಸಂಶೋಧನೆ ಮಾಡುತ್ತಿರುವ ಬೆಂಗಳೂರಿನ ವರ್ಷಿಣಿಯದು. ಒಂದೇ ಡಿಸ್ಕನ್ನು ಪಾಲು ಮಾಡಿ ವಿಂಡೋಸ್, ಲಿನಕ್ಸ್ ಎಂಬ ಎರಡು ಕಾರ್ಯವ್ಯವಸ್ಥೆಗಳನ್ನೂ ಕೂರಿಸಿದ್ದಾಳೆ. ಪ್ರಬಂಧವಿರುವ ಲಿನಕ್ಸ್ ಪಾಲು ತುಂಬಿಹೋಗಿ ಇನ್ನೊಂದು ಪುಟ ಉಳಿಸಲೂ ಜಾಗವಿಲ್ಲ, ವಿಂಡೋಸ್ ಪಾಲು ಮಾತ್ರ ಅರ್ಧ ಖಾಲಿ. ಅಲ್ಲಿಂದ ಕಿತ್ತು ಇಲ್ಲಿಗೆ ಕೊಡಬೇಕು. ಕೇಳಲು ಸುಲಭ, ಇದನ್ನೆಲ್ಲ ನೋಡಿ ಬರೆಯಲು ಬಂದ ನನಗೆ ಇಲ್ಲಿಂದಲೇ ತಲೆ ಕೆಟ್ಟಿತು.

ಬ್ಯಾಕಪ್ ಇದೆಯೇ ಎಂದರೆ ಇದೆ ಎನ್ನುತ್ತಾಳೆ ವರ್ಷಿಣಿ. ಎಲ್ಲಿ? ಅದೇ ಡಿಸ್ಕಿನ ಡಿ ಡ್ರೈವಿನಲ್ಲಿ. ಮನೆಯ ಎರಡನೇ ಕೀಲಿಯನ್ನೂ ಒಳಗಿಟ್ಟೇ ಬೀಗ ಹಾಕಿದ ಹಾಗೆ. ವಸಂತಾ ನಗುವುದಿಲ್ಲ, ಬರುವವರಲ್ಲಿ ಅರ್ಧದಷ್ಟು ಜನ ಹೀಗೇ ಅಂತೆ. ಹೊರಗಿನ ಡಿಸ್ಕಿಗೆ ಎಲ್ಲವನ್ನೂ ನಕಲು ಮಾಡಿ, ಆ ನಕಲಿನಿಂದ ಒಂದು ಅಧ್ಯಾಯ ತೆರೆದು ಓದಿಸಿದ ಮೇಲೆಯೇ ಮುಂದಿನ ಮಾತು.

ಧಾರವಾಡದ ವಸಂತಾ ರೈಲ್ವೆ ನೌಕರ ಶಂಕರಲಿಂಗ ಅವರನ್ನು ಮದುವೆಯಾಗಿ ಕೋಲ್ಕತ್ತಕ್ಕೆ ಬಂದವರು. ಓಣಿಗೆಲ್ಲ ‘ಬೌದಿ’, ಅಂದರೆ ಅತ್ತಿಗೆ. ಮನೆಯ ಹಳೆಯ ಕಂಪ್ಯೂಟರ್ ಬಿಚ್ಚಿ, ಕೆಡಿಸಿ, ಕಲಿತರು. ದಿನಕ್ಕೆ ನಾಲ್ಕೈದು ಯಂತ್ರ ಬರುತ್ತವೆ. ಪಾಲು ಬದಲಿಸುವ ಕೆಲಸ ಮಾತ್ರ ದಿನಕ್ಕೊಂದೇ. “ಶುರುವಿನ್ಯಾಗ ಇಲ್ಲೇ ಇರೋ ಕನ್ನಡದವರೊಬ್ಬರ ಮಗಳ ಮದುವಿ ಫೋಟೋ ಎಲ್ಲಾ ಅಳಿಸಿಬಿಟ್ಟೆ. ಇನ್ನೂ ಅವರ ಮನಿ ಮುಂದ ಹಾಯಂಗಿಲ್ಲ ನಾ.”

ವಿಂಡೋಸನ್ನು ಅದರೊಳಗಿಂದಲೇ ಕುಗ್ಗಿಸುತ್ತಾರೆ. ಶಟ್‌ಡೌನ್ ಒತ್ತಿದರೂ ಅದು ಪೂರ್ತಿ ಮಲಗುವುದಿಲ್ಲವಂತೆ, ಆ ಚಾಳಿಯನ್ನು ಮೊದಲೇ ಸೆಟ್ಟಿಂಗಿನಲ್ಲಿ ಬಿಡಿಸಬೇಕಂತೆ. ಮುಚ್ಚಿದ್ದು ಮುಚ್ಚಿಲ್ಲ ಎಂದರೆ ಏನರ್ಥವೋ! ಇನ್ನು ಲಿನಕ್ಸನ್ನು ಹಿಗ್ಗಿಸುವಾಗ ಅದು ಓಡುತ್ತಿರಬಾರದು, ಅದಕ್ಕೇ ಪೆನ್‌ಡ್ರೈವಿನಿಂದ ಯಂತ್ರ ಎಬ್ಬಿಸುತ್ತಾರೆ.

ಪರದೆಯ ಮೇಲೆ ಒಂದೇ ಗಾತ್ರದ ಎರಡು ಡಿಸ್ಕು ಕಾಣುತ್ತವೆ. ವಸಂತಾರ ಬೆರಳು ನಿಲ್ಲುತ್ತದೆ. ನನ್ನ ಜತೆ ಮಾತಾಡುತ್ತ ಬ್ಯಾಕಪ್ ಡಿಸ್ಕನ್ನು ಕಳಚಲು ಮರೆತಿದ್ದಾರೆ. ತಪ್ಪಿ ಅದಕ್ಕೆ ಕೈ ಹಾಕಿದರೆ ಇರುವ ಒಂದೇ ನಕಲೂ ಹೋಯಿತು.

“ಮೇಲಿಂದೇ ನಮ್ದು ಇರ್ಬೇಕು, ಆಂಟಿ,” ಎನ್ನುತ್ತಾಳೆ ವರ್ಷಿಣಿ.

“ಇರಬೇಕು ಅಂದ್ರ ಆಗಂಗಿಲ್ಲ ತಂಗಿ. ನಂಗ ತಿಳೀವಲ್ದು. ಬಂದ್ ಮಾಡೂಣು.”

ಯಂತ್ರ ಆಫ್ ಮಾಡಿ, ಹೊರಗಿನ ಡಿಸ್ಕು ಕಳಚಿ ವರ್ಷಿಣಿಯ ಕೈಗೇ ಕೊಡುತ್ತಾರೆ. ಮತ್ತೆ ಎಬ್ಬಿಸಿದಾಗ ಪಟ್ಟಿಯಲ್ಲಿ ಆ ಗಾತ್ರದ್ದು ಉಳಿದದ್ದು ಅವಳದೊಂದೇ. ಫ್ಯಾನಿಲ್ಲದ ಅಂಗಡಿಯಲ್ಲಿ ಬೆವರುತ್ತ ಮೂವರೂ ಲಿನಕ್ಸ್ ಪಾಲು ಹಿಗ್ಗುವುದನ್ನೇ ಪರದೆಯಲ್ಲಿ ನೋಡುತ್ತೇವೆ. ಕೊನೆಗೆ ಎರಡೂ ಪಾಲು ತೆರೆಯುತ್ತವೆ. ವರ್ಷಿಣಿ ಪ್ರಬಂಧಕ್ಕೆ ಒಂದು ಸಾಲು ಸೇರಿಸಿ ಉಳಿಸುತ್ತಾಳೆ, ಉಳಿಯುತ್ತದೆ. ನನಗೇ ಹೋದ ಜೀವ ಬಂದಂತಾಯಿತು.

ನಿಮ್ಮನ್ನು ಪರಿಣತೆ ಎಂದು ಬರೆಯಲೇ ಎಂದು ಕೇಳುತ್ತೇನೆ. ವಸಂತಾ ಫ್ಯಾನಿನ ಪ್ಲಗ್ ಮತ್ತೆ ಸಿಕ್ಕಿಸುತ್ತಾರೆ.

“ಅದೆಲ್ಲಾ ಬ್ಯಾಡ್ರಿ. ತಿಳೀಲಿಲ್ಲ ಅಂದ್ರ ಕೈ ತಗೀತಾಳ ಅಂತ ಬರೀರಿ. ಆ ಮದುವಿ ಮನಿಯವರು ಓದಿದ್ರೂ ಓದಬಹುದು.”