ಒಡೆಯಲೆಂದೇ ಮಾಡುವ ಪೆಟ್ಟಿಗೆ

ಮುತ್ತಜ್ಜ ಒಂದೂ ಮೊಳೆ ಹೊಡೆಯದೆ ಹೊಳೆಗೆ ಮರದ ಸೇತುವೆ ಕಟ್ಟಿದವನು. ಪ್ರವಾಹಕ್ಕೆ ಎರಡೂ ದಡ ಕೊಚ್ಚಿಹೋದವು, ಸೇತುವೆ ಮಾತ್ರ ನಡುನೀರಿನಲ್ಲಿ ಹಾಗೇ ನಿಂತಿತ್ತಂತೆ. ಅಜ್ಜ ಮಾಡಿದ ಕುರ್ಚಿಯಲ್ಲಿ ಮೂವರು ನ್ಯಾಯಾಧೀಶರು ಕೂತು ಮುದುಕರಾದರು. ಕುರ್ಚಿ ಒಮ್ಮೆಯೂ ಕಿರ್ ಅನ್ನಲಿಲ್ಲ. ಅಪ್ಪ ಹಲಗೆಯನ್ನು ಬೆರಳಗೆಣ್ಣಿನಿಂದ ತಟ್ಟಿ 'ಒಳಗೆ ಹುಳ ಇದೆ' ಎಂದರೆ ಹುಳ ಇರಲೇಬೇಕು. ಅಂಥ ಮನೆತನದ ಕುಡಿಯಾದ ಈ ಬಡಗಿ, ಪಂಪು ಮಾಡುವ ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲಿ ಸರಕಿನ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುತ್ತಾನೆ.

ಬೇರೆ ಕೆಲಸ ಸಿಗದೆ ಅಲ್ಲ. ಹೆಂಡತಿಯ ಎರಡೂ ಕಿಡ್ನಿ ಕೈಕೊಟ್ಟಿವೆ, ದಿನ ಬಿಟ್ಟು ದಿನ ಡಯಾಲಿಸಿಸ್. ಕಂಪನಿಯ ವಿಮೆ ಕಾರ್ಡು ತೋರಿಸಿದರೆ ಆಸ್ಪತ್ರೆಯವರು ತುಟಿಪಿಟಕ್ಕೆನ್ನದೆ ಒಳಗೆ ಕರೆದೊಯ್ಯುತ್ತಾರೆ. ಕೆಲಸ ಬಿಟ್ಟ ದಿನವೇ ಕಾರ್ಡೂ ಸತ್ತಂತೆ. ಹೊಸದಾಗಿ ವಿಮೆ ಮಾಡಿಸೋಣವೆಂದರೆ, ಆಗಲೇ ಇರುವ ಕಾಯಿಲೆಗೆ ಯಾರೂ ಬಾಗಿಲು ತೆಗೆಯುವುದಿಲ್ಲ.

ಸೇರಿದ ಹೊಸತರಲ್ಲಿ ಒಮ್ಮೆ ಮೈಮರೆತು, ದೊಡ್ಡ ಪೆಟ್ಟಿಗೆಯೊಂದರ ಮೂಲೆಗಳಿಗೆಲ್ಲ ಮರದ ಕೀಲು ಕೂರಿಸಿಬಿಟ್ಟಿದ್ದ. ಕೊಂಡವರು ಹಾರೆ ಹಾಕಿ ಮೀಟಿದರೂ ಅದು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಗರಗಸ ಹಾಕಿದರು. ಅದು ಒಳಗಿದ್ದ ಪಂಪಿನ ವೈರುಗಳನ್ನೂ ಕತ್ತರಿಸಿತು.

"ಏನಯ್ಯಾ, ಪೆಟ್ಟಿಗೆ ಮಾಡು ಅಂದ್ರೆ ಕೋಟೆ ಕಟ್ಟಿದೀಯಲ್ಲ!" ಎಂದ ಸೂಪರ್‌ವೈಸರ್. "ಇದನ್ನ ಮಾಡೋದೇ ಒಡೆಯೋಕೆ. ಇನ್ನೊಂದ್ಸಲ ಕೈಚಳಕ ತೋರಿಸಿದ್ರೆ ನಿಂಗೆ ಗೇಟು ತೋರಿಸ್ತೀನಿ."

ಅಂದಿನಿಂದ ಬಡಗಿ ಮೊಳೆಯನ್ನು ಸಡಿಲವಾಗಿ ಹೊಡೆಯಲು ಕಲಿತ. ಮೊದಮೊದಲು ಏನೋ ಸಂಕಟವಾಗುತ್ತಿತ್ತು. ಈಗ ಆಗುವುದಿಲ್ಲ. ಹಲಗೆ ತಟ್ಟಿ ನೋಡುವ ಅಭ್ಯಾಸವೂ ಯಾವಾಗಲೋ ಹೋಯಿತು.

ಮೊನ್ನೆ ಬಾಮೈದ ಬಂದಿದ್ದ. ಪೇಟೆಯಲ್ಲಿ ಮರಗೆಲಸದ ಅಂಗಡಿ ಹಿಡಿದಿದ್ದಾನೆ. ಭಾವನಿಗೆಂದು ಹೊಸ ಉಳಿಯೊಂದನ್ನು ತಂದಿದ್ದ. ಅಕ್ಕ ಆಸ್ಪತ್ರೆಯಿಂದ ಬಂದು ಗೋಡೆಯ ಕಡೆ ತಿರುಗಿ ಮಲಗಿದ್ದಳು.

"ಭಾವ, ಎದ್ದು ಬನ್ನಿ. ಬಂಡವಾಳ ನಂದು, ಕೈ ನಿಮ್ದು. ಪಂದ್ಯದ ಕುದುರೆನ ಗಾಣಕ್ಕೆ ಕಟ್ಟಿದ ಹಾಗಾಯ್ತು ನಿಮ್ಮ ಬಾಳು."

"ಗಾಣದ ಕುದುರೆಗೂ ಹುಲ್ಲು ಹಾಕ್ತಾರಪ್ಪ."

"ಅಕ್ಕನ ಖರ್ಚು ನಾನು ನೋಡ್ಕೋತೀನಿ. ಅವಳೇನು ನಂಗೆ ಹೊರಗಿನವಳಾ?"

"ಹೋಗ್ರೀ," ಎಂದಳು ಹೆಂಡತಿ, ಈ ಕಡೆ ತಿರುಗದೆ. "ನನ್ನ ಕಾಯ್ತಾ ಕಾಯ್ತಾ ನೀವೂ ಒಂದು ಹಲಗೆ ಆಗಿಬಿಟ್ರಿ."

ಬಡಗಿ ಉಳಿಯ ಬಾಯಿಯನ್ನು ಹೆಬ್ಬೆರಳಿನಿಂದ ಸವರಿದ. ಒಳ್ಳೆಯ ಉಕ್ಕು. ಅದನ್ನು ಸುತ್ತಿ ತಂದಿದ್ದ ಬಟ್ಟೆಯಲ್ಲೇ ಮತ್ತೆ ಸುತ್ತಿ ಬಾಮೈದನ ಕೈಗಿಟ್ಟ.

"ನಿನ್ನ ಮನಸ್ಸು ದೊಡ್ಡದು ಕಣಪ್ಪ, ಇಲ್ಲ ಅನ್ನಲ್ಲ. ಆದ್ರೆ ಒಂದು ತಿಂಗಳು ಅಂಗಡಿ ಮಲಗಿದ್ರೆ ನಾನು ನಿನ್ನ ಹೆಂಡತಿ ಮುಖ ನೋಡ್ಬೇಕು, ಇವಳು ನಿನ್ನ ಮುಖ ನೋಡ್ಬೇಕು. ಕಾರ್ಡಿಗೆ ಮುಖ ಇಲ್ಲ. ಬೇಡ, ಇದನ್ನ ತಗೊಂಡು ಹೋಗು. ನಂಗೆ ಬೆಳಗಿನ ಪಾಳಿ ಇದೆ."