ಹಿತ್ತಲಿನಲ್ಲಿ ಉಂಗುರ ಹುಡುಕಿದ್ದು

ಎಟೋಬಿಕೋಕ್ ಊರಿನ ನಮ್ಮ ಬಾಡಿಗೆ ಮನೆಯ ಒಡತಿ ತಮ್ಮ ತಾಯಿಯ ಮದುವೆಯುಂಗುರವನ್ನು ಹಿತ್ತಲಿನಲ್ಲಿ ಕಳೆದುಕೊಂಡಿದ್ದರು. ಹಳೆಯ ನಾಣ್ಯ ಹುಡುಕಲೆಂದು ನಾನು ಕೊಂಡಿದ್ದ ಮೆಟಲ್ ಡಿಟೆಕ್ಟರ್ ನೋಡಿ, ಹುಲ್ಲುಹಾಸನ್ನು ಅಗೆಯಲು ಅವರೇ ಒಪ್ಪಿದರು. ಶನಿವಾರ ಯಂತ್ರ ಏಳು ಸಲ ಕೂಗಿತು, ಹೆಚ್ಚುಕಡಿಮೆ ಪ್ರತಿಸಲವೂ ನನ್ನ ಪಾದದ ಪಕ್ಕದಲ್ಲೇ. ಏಳೂ ಕಡೆ ಅಗೆದೆ. ಸಿಕ್ಕಿದ್ದು ಒಂದು ಹಳೆಯ ಸೆಂಟ್ ನಾಣ್ಯ; ಉಳಿದದ್ದು ಮಣ್ಣು.

ಕಾಫಿ ತಂದ ಗಂಡ ನನ್ನ ಚಪ್ಪಲಿಯತ್ತ ನೋಡಿದ.

"ಲೇ, ಕಾಲುಂಗುರ ಹಾಕ್ಕೊಂಡೇ ಡಿಟೆಕ್ಟ್ ಮಾಡ್ತಿದ್ದೀಯಾ?"

"ನಿಮ್ಮಮ್ಮನೇ ತೆಗೀಬೇಡ ಅಂದಿದ್ದು."

"ಅಮ್ಮ ಮೈಸೂರಲ್ಲಿದ್ದಾರೆ. ಗುಂಡಿ ಇಲ್ಲಿದೆ."

ತೆಗೆದಿಟ್ಟೆ. ಆಮೇಲೆ ಯಂತ್ರ ಒಮ್ಮೆ ಮಾತ್ರ ಕೂಗಿತು, ಗುಲಾಬಿ ಗಿಡದ ಬುಡದಲ್ಲಿ. ಅಲ್ಲಿ ಉಂಗುರವಿತ್ತು. ಮನೆಯೊಡತಿ ಅದನ್ನು ಅಂಗಿಯ ತುದಿಯಿಂದ ಒರೆಸಿ ಬೆರಳಿಗೆ ಹಾಕಿಕೊಳ್ಳಲು ನೋಡಿದರು. ಗೆಣ್ಣು ದಾಟಲಿಲ್ಲ. ಮುಷ್ಟಿಯಲ್ಲಿ ಹಿಡಿದುಕೊಂಡೇ ಒಳಗೆ ಹೋದರು.